ರೀಲೋ ಕಾರ್ಡೋ

ಕ್ಯಾಮೆರಾ ಎಂದರೆ ಬೆಳಕು ನುಸುಳದ ಡಬ್ಬಿ. ಮುಂದೆ ಲೆನ್ಸ್, ನಡುವೆ ಶಟರ್, ಹಿಂದೆ ಬೆಳಕು ಬಂದು ಬೀಳುವ ಜಾಗ. ಫಿಲ್ಮ್ ಕ್ಯಾಮೆರಾಕ್ಕೂ ಡಿಜಿಟಲ್ ಕ್ಯಾಮೆರಾಕ್ಕೂ ಇರುವ ಮುಖ್ಯ ಭೇದವೆಲ್ಲ ಆ ಹಿಂದಿನ ಜಾಗದ್ದು. 35 ಎಂ.ಎಂ. ಕ್ಯಾಮೆರಾದಲ್ಲಿ ಅದು 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರದ ಒಂದು ಆಯತ. ಅಂಗಡಿಯವರು ಇವತ್ತು ‘ಫುಲ್ ಫ್ರೇಮ್’ ಎಂದು ದನಿ ಏರಿಸಿ ಹೇಳುವ ಡಿಜಿಟಲ್ ಸೆನ್ಸರಿನದೂ ಅದೇ ಅಳತೆ. 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾದ ಅಳತೆ. ಹವ್ಯಾಸಿಗಾದರೆ ಫಿಲ್ಮ್, ಡಿಜಿಟಲ್ ಎರಡರ ನಡುವಿನ ಆಯ್ಕೆ ರುಚಿಯ ಮಾತು. ಫೋಟೋ ತೆಗೆದೇ ಹೊಟ್ಟೆ ಹೊರೆಯಬೇಕಾದವರಿಗೆ ಲೆಕ್ಕ ಬೇರೆ. ತಪ್ಪಾದದ್ದು ಯಾವಾಗ ತಿಳಿಯುತ್ತದೆ, ಅದರ ಖರ್ಚು ಯಾರ ತಲೆಗೆ ಬರುತ್ತದೆ, ದುಡಿಮೆಯ ಭಾರ ಶಟರ್ ಒತ್ತುವ ಮೊದಲೋ ಒತ್ತಿದ ಮೇಲೋ ಎಂಬುದೇ ಅವರಿಗೆ ಮುಖ್ಯ. ಚಿತ್ರ ಯಾವುದರಲ್ಲಿ ಚೆಂದ ಬರುತ್ತದೆ ಎಂಬ ವಾದ ಅದರ ಮುಂದೆ ಚಿಕ್ಕದು.

ಫಿಲ್ಮ್ ಎಂಬುದು ಪಾರದರ್ಶಕ ಪಟ್ಟಿಯ ಮೇಲೆ ಬಳಿದ ಜೆಲಟಿನ್ ಲೇಪ. ಅದರೊಳಗೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಸಿಲ್ವರ್ ಹಾಲೈಡ್ ಹರಳುಗಳು ಹುದುಗಿರುತ್ತವೆ. ಬೆಳಕು ತಾಗಿದ ಹರಳಿನಲ್ಲಿ ಬೆಳ್ಳಿಯ ಕೆಲವೇ ಪರಮಾಣುಗಳು ಬೇರ್ಪಟ್ಟು ಒಂದು ಗುರುತು ಉಳಿಯುತ್ತದೆ. ಚಿತ್ರ ಆಗಲೇ ಮೂಡಿರುತ್ತದೆ, ಕಾಣುವುದಿಲ್ಲ ಅಷ್ಟೆ. ಗುರುತು ಬಿದ್ದ ಹರಳನ್ನು ಡೆವಲಪರ್ ಕಪ್ಪು ಬೆಳ್ಳಿಯಾಗಿಸುತ್ತದೆ, ಗುರುತಿಲ್ಲದ್ದನ್ನು ಹೈಪೋ ಎಂಬ ದ್ರಾವಣ ಕರಗಿಸಿ ಒಯ್ಯುತ್ತದೆ. ಬೆಳಕು ಹೆಚ್ಚು ಬಿದ್ದಲ್ಲಿ ಕಪ್ಪು ಹೆಚ್ಚಾದ್ದರಿಂದ ಸಿಗುವುದು ನೆಗೆಟಿವ್. ಬಣ್ಣದ ಫಿಲ್ಮಿನಲ್ಲಿ ಕೆಂಪು, ಹಸಿರು, ನೀಲಿಗೆ ಬೇರೆ ಬೇರೆ ಪದರಗಳಿರುತ್ತವೆ; ತೊಳೆಯುವಾಗ ಬೆಳ್ಳಿ ಇದ್ದಲ್ಲಿ ಬಣ್ಣದ ಡೈ ನಿಂತು, ಬೆಳ್ಳಿಯೆಲ್ಲ ಹೊರಟುಹೋಗುತ್ತದೆ. ಸ್ಟುಡಿಯೋಗಳು ಬಳಸಿ ಬಿಟ್ಟ ಹೈಪೋ ನೀರನ್ನು ಬೆಳ್ಳಿ ತೆಗೆಯುವವರು ದುಡ್ಡು ಕೊಟ್ಟು ಒಯ್ಯುತ್ತಿದ್ದದ್ದು ಇದೇ ಕಾರಣಕ್ಕೆ. ಅಳಿಸಿ ಹಾಕಿದ ಫೈಲುಗಳಿಗೆ ಅಂಥ ಗಿರಾಕಿಗಳು ಇನ್ನೂ ಹುಟ್ಟಿಲ್ಲ.

ಡಿಜಿಟಲ್ ಕ್ಯಾಮೆರಾದಲ್ಲಿ ಆ ಜಾಗಕ್ಕೆ ಸಿಲಿಕಾನ್ ಚಿಪ್ ಬರುತ್ತದೆ. ಅದರ ಲಕ್ಷಾಂತರ ಚುಕ್ಕಿಗಳಲ್ಲಿ ಒಂದೊಂದೂ ತನ್ನ ಮೇಲೆ ಬಿದ್ದ ಬೆಳಕನ್ನು ವಿದ್ಯುತ್ತಾಗಿ ಕೂಡಿಟ್ಟುಕೊಳ್ಳುತ್ತದೆ. ಕ್ಯಾಮೆರಾ ಅದನ್ನು ಅಳೆದು, ಅಂಕಿಯಾಗಿಸಿ, ಮೆಮೊರಿ ಕಾರ್ಡಿಗೆ ಬರೆಯುತ್ತದೆ. ಈ ದಾರಿ ತೆರೆದ ಸಿಸಿಡಿ ಚಿಪ್ಪನ್ನು 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ರೂಪಿಸಿದ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಅವರಿಗೆ 2009ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಚಿಪ್ಪಿಗೆ ತಾನಾಗಿ ಬಣ್ಣ ಗೊತ್ತಿಲ್ಲ. ಒಂದೊಂದು ಚುಕ್ಕಿಯ ಮೇಲೂ ಕೆಂಪು, ಹಸಿರು ಅಥವಾ ನೀಲಿ ಸೋಸುಗಾಜು ಹಾಕಿ, ಸಿಗದ ಎರಡು ಬಣ್ಣಗಳನ್ನು ಅಕ್ಕಪಕ್ಕದ ಚುಕ್ಕಿಗಳಿಂದ ಲೆಕ್ಕ ಹಾಕುವ ಉಪಾಯ ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಅವರದು. 1976ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಅದರ ಹಿಂದಿನ ವರ್ಷವೇ ಅದೇ ಕಂಪನಿಯ ಸ್ಟೀವನ್ ಸ್ಯಾಸನ್ ಮೊದಲ ಡಿಜಿಟಲ್ ಕ್ಯಾಮೆರಾ ಜೋಡಿಸಿದ್ದರು. ಅಡ್ಡ ನೂರು, ಉದ್ದ ನೂರು ಚುಕ್ಕಿಗಳ ಕಪ್ಪು ಬಿಳುಪು ಚಿತ್ರ. ಒಂದನ್ನು ಕ್ಯಾಸೆಟ್ ಟೇಪಿಗೆ ಇಳಿಸಲು 23 ಸೆಕೆಂಡು. ಫಿಲ್ಮ್ ಮಾರಿ ಬಾಳಿದ ಕೊಡಾಕ್ 2012ರ ಜನವರಿಯಲ್ಲಿ ದಿವಾಳಿ ರಕ್ಷಣೆ ಕೋರಿ ಕೋರ್ಟಿಗೆ ಹೋಯಿತು.

ವೃತ್ತಿಯವರಲ್ಲಿ ಡಿಜಿಟಲ್‌ಗೆ ಮೊದಲು ಒಲಿದವರು ಪತ್ರಿಕೆಯವರು. 1991ರಲ್ಲಿ ಕೊಡಾಕ್, ನಿಕಾನ್ ಎಫ್3 ಕ್ಯಾಮೆರಾದ ಬೆನ್ನಿಗೆ ಸೆನ್ಸರ್ ಕೂರಿಸಿ ಮಾರಿದ್ದು 1.3 ಮೆಗಾಪಿಕ್ಸೆಲ್‌ನದು, ಚಿತ್ರ ಕೂಡಿಡುವ ಪೆಟ್ಟಿಗೆಯನ್ನು ಹೆಗಲಿಗೆ ಬೇರೆ ನೇತುಹಾಕಿಕೊಳ್ಳಬೇಕಿತ್ತು. 1999ರ ನಿಕಾನ್ ಡಿ1ನಲ್ಲಿ ಇದ್ದದ್ದು 2.7 ಮೆಗಾಪಿಕ್ಸೆಲ್ ಮಾತ್ರ. ಆ ಕಾಲದ ಒಳ್ಳೆಯ ಫಿಲ್ಮಿನ ಮುಂದೆ ಈ ಚಿತ್ರಗಳು ಬಡವೇ. ಆದರೂ ಪತ್ರಿಕೆಗಳು ಕೊಂಡವು. ಸಂಜೆ ಮುಗಿದ ಪಂದ್ಯದ ಫೋಟೋ ಡಾರ್ಕ್‌ರೂಮಿನಲ್ಲಿ ತೊಳೆದು, ಒಣಗಿಸಿ, ಪ್ರಿಂಟ್ ಹಾಕುವಷ್ಟರಲ್ಲಿ ಊರಾಚೆಯ ಆವೃತ್ತಿ ಅಚ್ಚಿಗೆ ಹೋಗಿರುತ್ತಿತ್ತು. ಡಿಜಿಟಲ್‌ನಲ್ಲಿ ಆ ತಡವಿಲ್ಲ, ಎರಡು ಕಾಲಂ ಅಗಲದ ನ್ಯೂಸ್‌ಪ್ರಿಂಟ್ ಚಿತ್ರಕ್ಕೆ ಈ ಕ್ಯಾಮೆರಾಗಳು ಕೊಡುವುದಕ್ಕಿಂತ ಹೆಚ್ಚು ಚುಕ್ಕಿಗಳೂ ಬೇಡ. ಸುದ್ದಿಚಿತ್ರದವರ ಆಯ್ಕೆ ಅಲ್ಲಿಗೇ ಮುಗಿಯಿತು; ಅದರ ಬಗ್ಗೆ ಇನ್ನು ಚರ್ಚಿಸುವಂಥದ್ದೇನೂ ಇಲ್ಲ.

ಮದುವೆಯ ಕಥೆ ಅಷ್ಟು ಸಲೀಸಲ್ಲ. ಕರ್ನಾಟಕದ ಸಣ್ಣ ಊರುಗಳ ಸ್ಟುಡಿಯೋಗಳಿಗೆ ಅನ್ನ ಹಾಕುವುದು ಪಾಸ್‌ಪೋರ್ಟ್ ಸೈಜಲ್ಲ, ಮದುವೆ. ಮಾಂಗಲ್ಯಧಾರಣೆ ನಡೆಯುವುದು ಒಂದೇ ಸಲ, ಗಟ್ಟಿಮೇಳ ಶುರುವಾದ ಮೇಲೆ ಯಾರೂ ಯಾರಿಗೂ ಕಾಯುವುದಿಲ್ಲ. ಅಕ್ಷತೆ ಸುರಿಯುತ್ತಿರುತ್ತದೆ, ಪುರೋಹಿತರ ಕೈ ಅಡ್ಡ, ಗಂಟು ಹಾಕಲು ಬಗ್ಗಿದ ಅತ್ತಿಗೆಯ ಬೆನ್ನು ಅಡ್ಡ. ಫಿಲ್ಮಿನ ಕಾಲದಲ್ಲಿ ನುರಿತ ಫೋಟೋಗ್ರಾಫರು ಮುಹೂರ್ತಕ್ಕೆ ಹತ್ತು ನಿಮಿಷ ಇರುವಾಗಲೇ ಕ್ಯಾಮೆರಾದಲ್ಲಿದ್ದ ರೀಲನ್ನು, ಎಂಟು ಹತ್ತು ಫೋಟೋ ಉಳಿದಿದ್ದರೂ ಲೆಕ್ಕಿಸದೆ, ಸುತ್ತಿ ತೆಗೆದು ಹೊಸದನ್ನು ಹಾಕಿಕೊಳ್ಳುತ್ತಿದ್ದರು. ಮೂವತ್ತಾರನೆಯ ಫೋಟೋ ತಾಳಿ ಕಟ್ಟುವ ಹೊತ್ತಿಗೆ ಬಂದರೆ ಮುಗಿಯಿತು.

ಹೊಸ ರೀಲು ಹಾಕಿದರೂ ನಿಶ್ಚಿಂತೆಯಿಲ್ಲ. ರೀಲಿನ ನಾಲಿಗೆ ಬಲಗಡೆಯ ಸುರುಳಿಗೆ ಸರಿಯಾಗಿ ಸಿಕ್ಕದಿದ್ದರೆ ಲಿವರ್ ತಿರುಗುತ್ತದೆ, ಶಟರ್ ಸದ್ದು ಮಾಡುತ್ತದೆ, ನಂಬರು ಒಂದೊಂದಾಗಿ ಏರುತ್ತದೆ, ಫಿಲ್ಮ್ ಮಾತ್ರ ಇದ್ದಲ್ಲೇ ಇರುತ್ತದೆ. ಇಡೀ ಮದುವೆ ತೆಗೆದು ಲ್ಯಾಬಿಗೆ ಹೋದ ಮೇಲೆ ಕೈಗೆ ಬರುವುದು ಖಾಲಿ ಪಟ್ಟಿ. ಅದಕ್ಕೇ ಹಳಬರು ಲಿವರ್ ಎಳೆಯುವಾಗಲೆಲ್ಲ ಎಡಗಡೆಯ ರಿವೈಂಡ್ ಗುಂಡಿಯ ಮೇಲೆ ಒಂದು ಕಣ್ಣಿಡುತ್ತಿದ್ದರು; ಗುಂಡಿ ತಿರುಗಿದರೆ ಒಳಗೆ ಫಿಲ್ಮ್ ಓಡುತ್ತಿದೆ ಎಂದರ್ಥ. ಇನ್ನೊಂದು ತಪ್ಪು ಫ್ಲಾಶಿನದು. ಪೆಂಟ್ಯಾಕ್ಸ್ ಕೆ1000ದಂಥ ಕ್ಯಾಮೆರಾದಲ್ಲಿ ಫ್ಲಾಶ್ ಬಳಸುವಾಗ ಶಟರ್ ವೇಗ ಸೆಕೆಂಡಿನ 1/60 ದಾಟುವಂತಿಲ್ಲ. ಕೈತಾಗಿ ಅದು 1/250ಕ್ಕೆ ಸರಿದಿದ್ದರೆ ಶಟರಿನ ಮೊದಲ ಪರದೆ ಪೂರ್ತಿ ಸರಿದು ಫ್ಲಾಶ್ ಮಿಂಚುವಷ್ಟರಲ್ಲಿ ಎರಡನೆಯ ಪರದೆ ಮುಚ್ಚುತ್ತ ಬಂದಿರುತ್ತದೆ. ಚಿತ್ರದ ಅರ್ಧದಲ್ಲಿ ಮದುಮಗಳು, ಇನ್ನರ್ಧದಲ್ಲಿ, ಮದುಮಗ ಇರಬೇಕಾದ ಕಡೆ, ಅಮಾವಾಸ್ಯೆ. ಇದು ತಿಳಿಯುವುದು ಮೂರನೆಯ ದಿನ. ಅಷ್ಟರಲ್ಲಿ ಬೀಗರೂಟವೂ ಮುಗಿದಿರುತ್ತದೆ.

ಡಿಜಿಟಲ್ ಕ್ಯಾಮೆರಾ ಕೊಟ್ಟ ದೊಡ್ಡ ವರ ಹಿಂದಿನ ಆ ಪುಟ್ಟ ಪರದೆ. ತಪ್ಪು ಆ ಕ್ಷಣವೇ ಕಾಣುತ್ತದೆ, ಮಂಟಪದಿಂದ ಇಳಿಯುವ ಮೊದಲು ಸರಿಮಾಡಿಕೊಳ್ಳಬಹುದು. ಎರಡು ಕಾರ್ಡ್ ಹಾಕುವ ಸೌಲಭ್ಯವಿದ್ದರೆ ಪ್ರತಿ ಚಿತ್ರವೂ ಎರಡು ಕಡೆ ದಾಖಲಾಗುತ್ತದೆ. ಮದುವೆ ತೆಗೆಯುವವರು ಒಂದೇ ಕಾರ್ಡಿನ ಕ್ಯಾಮೆರಾ ಕೊಳ್ಳುವುದು ಉಳಿತಾಯವಲ್ಲ, ಜೂಜು. ಆದರೆ ಪರದೆಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಕತ್ತಲೆಯ ಛತ್ರದಲ್ಲಿ ಮಬ್ಬು ಚಿತ್ರವೂ ಅದರಲ್ಲಿ ಝಗಝಗಿಸುತ್ತದೆ, ಬಿಸಿಲಿನಲ್ಲಿ ಸರಿಯಾದದ್ದೂ ಕಪ್ಪಾಗಿ ಕಾಣುತ್ತದೆ. ಕಪ್ಪಿನಿಂದ ಬಿಳಿಯವರೆಗೆ ಯಾವ ಮಟ್ಟದ ಬೆಳಕು ಎಷ್ಟಿದೆ ಎಂದು ಗುಡ್ಡದಂತೆ ಗೆರೆ ಎಳೆದು ತೋರಿಸುವ ಹಿಸ್ಟೋಗ್ರಾಮ್ ನೋಡುವವರೇ ಪರದೆಯ ಪೂರಾ ಲಾಭ ಪಡೆಯುವವರು.

ಮದುವೆಮನೆಯ ಬೆಳಕು ಯಾವ ಕ್ಯಾಮೆರಾಕ್ಕೂ ಸುಲಭದ ತುತ್ತಲ್ಲ. ಬಿಳಿ ಪಂಚೆ, ಬಿಳಿ ಶಲ್ಯ, ಅದರ ಪಕ್ಕದಲ್ಲೇ ಕಡುಗೆಂಪು ಸೀರೆಯ ಜರಿ, ಹಿಂದೆ ನೆರಳಿನಲ್ಲಿ ನಿಂತ ನೆಂಟರ ಮುಖಗಳು, ನಡುವೆ ಹೋಮದ ಹೊಗೆ. ಇಲ್ಲಿ ಫಿಲ್ಮಿನ ಗುಣ ಒಂದು ಬಗೆ, ಸೆನ್ಸರಿನದು ತದ್ವಿರುದ್ಧ. ಕಲರ್ ನೆಗೆಟಿವ್ ಬೆಳಕು ಹೆಚ್ಚಾದರೆ ಸಹಿಸಿಕೊಳ್ಳುತ್ತದೆ. ಬೇಕಾದ್ದಕ್ಕಿಂತ ಎರಡು ಸ್ಟಾಪ್, ಅಂದರೆ ನಾಲ್ಕು ಪಟ್ಟು, ಹೆಚ್ಚು ಬಿದ್ದರೂ ಪಂಚೆಯ ನೆರಿಗೆಗಳು ಪ್ರಿಂಟಿನಲ್ಲಿ ಉಳಿಯುತ್ತವೆ. ಕಡಿಮೆಯಾದರೆ ನೆರಳಿನ ಭಾಗದಲ್ಲಿ ನೆಗೆಟಿವ್ ಬರಿದಾಗಿ, ಲ್ಯಾಬಿನವರು ಎಷ್ಟು ಒದ್ದಾಡಿದರೂ ಅಲ್ಲಿಂದ ಏನೂ ಹೊರಡುವುದಿಲ್ಲ. ಸೆನ್ಸರಿನ ಚುಕ್ಕಿ ತುಂಬಿತೆಂದರೆ ತುಂಬಿತು. ಆಮೇಲೆ ಬಿದ್ದ ಬೆಳಕಿಗೆ ಲೆಕ್ಕವಿಲ್ಲ, ಪಂಚೆ ಬರೀ ಬಿಳಿ ತೇಪೆಯಾಗುತ್ತದೆ. ನೆರಳಿನಲ್ಲಿ ಅಡಗಿದ ಮುಖವನ್ನು ಮಾತ್ರ ಸೆನ್ಸರ್ ಅಳೆದದ್ದನ್ನು ಹಾಗೆಯೇ ಇಡುವ ರಾ ಫೈಲಿನಿಂದ ಆಶ್ಚರ್ಯವಾಗುವಷ್ಟು ಮೇಲೆತ್ತಬಹುದು. 14 ಬಿಟ್‌ನ ರಾ ಫೈಲ್ ಪ್ರತಿ ಚುಕ್ಕಿಗೆ 16,384 ಮೆಟ್ಟಿಲುಗಳನ್ನು ಇಟ್ಟುಕೊಂಡಿರುತ್ತದೆ, ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮಾತ್ರ. ಆದ್ದರಿಂದ ನೆಗೆಟಿವ್ ಫಿಲ್ಮಿನವರು ನೆರಳು ನೋಡಿ ಬೆಳಕು ಅಳೆಯುತ್ತಿದ್ದರು, ಡಿಜಿಟಲ್‌ನವರು ಬಿಳಿ ನೋಡಿ ಅಳೆಯಬೇಕು. ಒಂದರಿಂದ ಇನ್ನೊಂದಕ್ಕೆ ಬಂದವರು ಮೊದಲ ವರ್ಷ ಸುಟ್ಟುಕೊಂಡದ್ದೆಲ್ಲ ಇಲ್ಲೇ. ನೆಗೆಟಿವ್ ಬದಲು ನೇರ ಚಿತ್ರವನ್ನೇ ಕೊಡುವ ಸ್ಲೈಡ್ ಫಿಲ್ಮ್ ಈ ವಿಷಯದಲ್ಲಿ ಡಿಜಿಟಲ್‌ಗಿಂತಲೂ ಕಟ್ಟುನಿಟ್ಟು. ಅರ್ಧ ಸ್ಟಾಪ್ ತಪ್ಪಿದರೂ ಮೋರೆ ತಿರುಗಿಸುತ್ತದೆ.

ಬಣ್ಣದಲ್ಲೂ ಇದೇ ಎಳೆದಾಟ. ಸಾಮಾನ್ಯ ಫಿಲ್ಮ್ ಹಗಲ ಬೆಳಕಿಗೆಂದು ಮಾಡಿದ್ದು. ಮಾಮೂಲಿ ಬಲ್ಬಿನ ಕೆಳಗೆ ಅದರಲ್ಲಿ ಎಲ್ಲರಿಗೂ ಕಾಮಾಲೆ, ಟ್ಯೂಬ್‌ಲೈಟಿನ ಕೆಳಗೆ ಎಲ್ಲರೂ ಹಸಿರು. ಫ್ಲಾಶ್ ಹೊಡೆದೇ ಅದನ್ನು ಮುಚ್ಚಬೇಕಿತ್ತು. ಹಳೆಯ ಆಲ್ಬಮ್ಮುಗಳಲ್ಲಿ ಮುಖಗಳು ಬೆಳ್ಳಗೆ, ಹಿನ್ನೆಲೆ ಕತ್ತಲು ಇರುವುದಕ್ಕೆ ಇದೂ ಒಂದು ಕಾರಣ. ಡಿಜಿಟಲ್‌ನಲ್ಲಿ ಬೆಳಕಿನ ಬಣ್ಣಕ್ಕೆ ಹೊಂದಿಸುವ ವೈಟ್ ಬ್ಯಾಲೆನ್ಸ್ ಪ್ರತಿ ಚಿತ್ರಕ್ಕೂ ಬೇರೆ, ರಾ ಫೈಲಿನಲ್ಲಿ ತೆಗೆದ ಮೇಲೂ ಬದಲಿಸಬಹುದು. ಹಾಗೆಂದು ಗೆದ್ದಂತಾಗಲಿಲ್ಲ. ಈಗಿನ ಛತ್ರಗಳಲ್ಲಿ ನೇರಳೆ, ಗುಲಾಬಿ ಎಲ್‌ಇಡಿಗಳು ಒಂದರ ಮೇಲೊಂದು ಬಿದ್ದು ಮದುಮಗಳ ಒಂದು ಕೆನ್ನೆ ಒಂದು ಬಣ್ಣ, ಇನ್ನೊಂದು ಕೆನ್ನೆ ಇನ್ನೊಂದು. ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ಎಲ್‌ಇಡಿ ಪರದೆಯ ಮಿಣುಕಿಗೆ ಚಿತ್ರದ ತುಂಬ ಅಡ್ಡಪಟ್ಟೆಗಳೂ ಬರುತ್ತವೆ.

ಸ್ಪಷ್ಟತೆಯ ಜಗಳವನ್ನು ಬೇಗ ಮುಗಿಸಬಹುದು. 24 ಮೆಗಾಪಿಕ್ಸೆಲ್ ಎಂದರೆ ಅಡ್ಡ 6000, ಉದ್ದ 4000 ಚುಕ್ಕಿ. ಇಂಚಿಗೆ 300ರಂತೆ ಅಚ್ಚು ಹಾಕಿದರೆ 20 ಇಂಚು ಅಗಲ, 13 ಇಂಚು ಎತ್ತರದ ಚಿತ್ರ. 12×18ರ ಆಲ್ಬಂ ಹಾಳೆಗೆ ಧಾರಾಳ. ಇದಕ್ಕಿಂತ ದೊಡ್ಡ ಕೆಲಸಕ್ಕೆ ಫಿಲ್ಮಿನವರ ಬಳಿ 120 ರೀಲಿನ ಮೀಡಿಯಂ ಫಾರ್ಮ್ಯಾಟ್ ಇದೆ. ಹೆಸರಿಗೆ ಆರು ಸೆಂಟಿಮೀಟರ್, ನಿಜಕ್ಕೆ ತುಸು ಕಡಿಮೆ ಚೌಕದ ಅದರ ನೆಗೆಟಿವ್ 35 ಎಂ.ಎಂ.ಗಿಂತ ಸುಮಾರು ಮೂರೂವರೆ ಪಟ್ಟು ವಿಶಾಲ, ಆದರೆ ರೀಲಿಗೆ ಹನ್ನೆರಡೇ ಚಿತ್ರ.

ಕಾಡಿನಲ್ಲಿ ಕೆಲಸ ಮಾಡುವವರಿಗೆ ಮೆಗಾಪಿಕ್ಸೆಲ್‌ಗಿಂತ ಮುಖ್ಯವಾದದ್ದು ಬೆಳಕಿನ ಹಸಿವು. ಬಣ್ಣಕ್ಕೆ ಹೆಸರಾದ ಫ್ಯೂಜಿ ವೆಲ್ವಿಯಾ ಸ್ಲೈಡ್ ಫಿಲ್ಮ್ 1990ರಲ್ಲಿ ಬಂದಾಗ ಅದರ ಐಎಸ್‌ಒ, ಅಂದರೆ ಬೆಳಕಿಗೆ ಸ್ಪಂದಿಸುವ ವೇಗ, 50. ಇಂದಿನ ಕ್ಯಾಮೆರಾ ಐಎಸ್‌ಒ 6400ರಲ್ಲಿ ಅಚ್ಚಿಗೆ ಯೋಗ್ಯ ಚಿತ್ರ ಕೊಡುತ್ತದೆ. ಅಂದರೆ 128ರಲ್ಲಿ ಒಂದು ಪಾಲು ಬೆಳಕು ಸಾಕು. ಕಬಿನಿಯ ಹಿನ್ನೀರಿನ ಬಳಿ ನಸುಕಿನಲ್ಲಿ ಬಂದ ಆನೆಯನ್ನು ಮೊದಲಾದರೆ ಕಣ್ಣಿನಲ್ಲಿ ನೋಡಿ ತೃಪ್ತಿಪಡಬೇಕಿತ್ತು. ನಿಕಾನ್ ಎಫ್5 ಸೆಕೆಂಡಿಗೆ ಎಂಟು ಫೋಟೋ ತೆಗೆಯುತ್ತಿತ್ತು ನಿಜ, ಬೆರಳು ಒತ್ತಿ ಹಿಡಿದರೆ ನಾಲ್ಕೂವರೆ ಸೆಕೆಂಡಿಗೆ ರೀಲು ಖಾಲಿ. ಎಂ.ವೈ. ಘೋರ್ಪಡೆ, ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂಥ ಕರ್ನಾಟಕದ ವನ್ಯಜೀವಿ ಛಾಯಾಗ್ರಾಹಕರ ಹೆಸರುವಾಸಿ ಚಿತ್ರಗಳು ಈ ಇಕ್ಕಟ್ಟಿನಲ್ಲೇ ಬಂದವು ಎಂಬುದನ್ನು ಈಗಿನ ಸಫಾರಿ ಜೀಪಿನಲ್ಲಿ ಒಂದೇ ಹುಲಿಗೆ ಐನೂರು ಸಲ ಶಟರ್ ಹೊಡೆಯುವವರು ಒಮ್ಮೆಯಾದರೂ ನೆನೆಯಬೇಕು.

ಫಿಲ್ಮಿನ ಪರ ವಾದಿಸುವವರು ಮರೆಯುವುದು ನೀರನ್ನು. ಕಪ್ಪು ಬಿಳುಪು ಫಿಲ್ಮ್ ತೊಳೆಯಲು ರೂಢಿಯ ಶಾಖ 20 ಡಿಗ್ರಿ ಸೆಲ್ಸಿಯಸ್. ಕಲರ್ ನೆಗೆಟಿವ್‌ಗೆ ಸುಮಾರು 38, ಡೆವಲಪರಿನಲ್ಲಿ ಮೂರೂಕಾಲು ನಿಮಿಷ, ಅದರಲ್ಲಿ ಅರ್ಧ ಡಿಗ್ರಿ ಏರುಪೇರಾದರೂ ಬಣ್ಣ ವಾಲುತ್ತದೆ. ರಾಯಚೂರು, ಕಲಬುರಗಿಯ ಮೇ ತಿಂಗಳಲ್ಲಿ ನಲ್ಲಿ ನೀರು ಇಪ್ಪತ್ತಕ್ಕೆ ಇಳಿಯುವುದು ಕನಸಿನಲ್ಲಿ. ಡೆವಲಪರ್ ಡಬ್ಬಿಯನ್ನು ಐಸ್ ಹಾಕಿದ ಬೋಗುಣಿಯಲ್ಲಿ ಕೂರಿಸಿ, ಥರ್ಮಾಮೀಟರ್ ನೋಡಿ ಹದ ಮಾಡಿಕೊಂಡು, ಆಮೇಲೆ ಬೆವರು ಫಿಲ್ಮಿನ ಮೇಲೆ ಬೀಳದಂತೆ ಕತ್ತಲಲ್ಲಿ ಕೆಲಸ ಮಾಡಬೇಕು. ಕೆಂಪು ದೀಪ ಪ್ರಿಂಟ್ ಹಾಕುವಾಗ ಮಾತ್ರ. ಫಿಲ್ಮ್ ಸುರುಳಿಗೆ ಏರಿಸುವಾಗ ಅದೂ ಇಲ್ಲ. ಕರಾವಳಿ, ಮಲೆನಾಡಿನ ಮಳೆಗಾಲದ ಕಾಟ ಬೇರೆ: ಲೆನ್ಸಿನೊಳಗೆ ಜೇಡರ ಬಲೆಯಂಥ ಬೂಷ್ಟು. ಅದಕ್ಕೆ ಫಿಲ್ಮು, ಡಿಜಿಟಲ್ಲು ಎಂಬ ಪಂಕ್ತಿಭೇದವಿಲ್ಲ.

ಈಗ ದುಡ್ಡಿಗೆ ಬರಬಹುದು. ಒಂದು ಕಲರ್ ರೀಲು, ಅದನ್ನು ತೊಳೆಸುವುದು, ಸ್ಕ್ಯಾನ್ ಮಾಡಿಸುವುದು ಎಲ್ಲ ಸೇರಿ ಇವತ್ತು ಸಾವಿರ ರೂಪಾಯಿ ದಾಟುತ್ತದೆ. ಒಂದು ಕ್ಲಿಕ್ಕಿಗೆ ಮೂವತ್ತು ರೂಪಾಯಿ ಎಂದಿಟ್ಟುಕೊಳ್ಳಬಹುದು. ಡಿಜಿಟಲ್‌ನಲ್ಲಿ ಕ್ಲಿಕ್ಕಿಗೆ ಕಾಸಿಲ್ಲ, ಆದರೆ ಕ್ಯಾಮೆರಾ ಕೊಂಡ ದಿನದಿಂದಲೇ ಅದರ ಬೆಲೆ ಕರಗುತ್ತ ಹೋಗುತ್ತದೆ. ಹತ್ತು ವರ್ಷದ ಹಿಂದಿನ ಡಿಜಿಟಲ್ ಬಾಡಿಯನ್ನು ಎಕ್ಸ್‌ಚೇಂಜಿಗೆ ಒಯ್ದರೆ ಅಂಗಡಿಯವರು ಮುಖ ನೋಡುತ್ತಾರೆ. 1982ರ ನಿಕಾನ್ ಎಫ್‌ಎಂ2 ಬ್ಯಾಟರಿ ಸತ್ತರೂ ಶಟರ್ ಹೊಡೆಯುತ್ತದೆ, ಈಗಲೂ ಒಳ್ಳೆಯ ಬೆಲೆಗೆ ಕೈ ಬದಲಾಗುತ್ತದೆ.

ಕಾಸಿಗಿಂತ ದೊಡ್ಡ ಬದಲಾವಣೆ ದುಡಿಮೆಯದು. ಫಿಲ್ಮಿನ ಮದುವೆಯಲ್ಲಿ ನಾಲ್ಕೈದು ರೀಲು. ತೊಳೆದು ಪ್ರಿಂಟ್ ಹಾಕುವುದು ಕಲರ್ ಲ್ಯಾಬಿನ ಕೆಲಸ. ಸ್ಟುಡಿಯೋದವರಿಗೆ ಉಳಿದದ್ದು ಆಲ್ಬಮ್ಮಿಗೆ ಅಂಟಿಸುವುದು. ಅದಕ್ಕೂ ಹಿಂದೆ ಚೂಪು ಪೆನ್ಸಿಲಿನಿಂದ ನೆಗೆಟಿವ್ ಮೇಲೆಯೇ ಟಚಿಂಗ್ ಮಾಡಿ ಮೊಡವೆ ಮುಚ್ಚುವ ಕಸುಬುದಾರರಿದ್ದರು. ಡಿಜಿಟಲ್ ಮದುವೆಯಲ್ಲಿ ಮೂರು ಸಾವಿರ ಚಿತ್ರ ಸಾಮಾನ್ಯ. ರಾ ಫೈಲ್ ಒಂದಕ್ಕೆ 30 ಎಂಬಿ ಹಿಡಿದರೂ 90 ಜಿಬಿ, ಎರಡು ಪ್ರತಿ ಇಟ್ಟರೆ 180. ಆರಿಸುವುದು, ಬಣ್ಣ ತಿದ್ದುವುದು, ಚಿತ್ರಗಳು ಹಾಳೆಯ ಮೇಲೇ ಅಚ್ಚಾಗುವ ಕರಿಜ್ಮಾ ಆಲ್ಬಮ್ಮನ್ನು ಜೋಡಿಸುವುದು ಎಲ್ಲ ಈಗ ಫೋಟೋಗ್ರಾಫರ ತಲೆಗೇ. ಮದುವೆಯ ಸಂಜೆಯೇ ಸ್ಟೇಟಸ್ಸಿಗೆ ನಾಲ್ಕು ಚಿತ್ರ ಬೇಕೆನ್ನುವ ಮನೆಯವರು, ಆಲ್ಬಮ್ಮಿಗೆ ಇನ್ನೂರು ಆರಿಸಿ ಕೊಡಿ ಎಂದರೆ ಆರು ತಿಂಗಳು ಮಾತಾಡುವುದಿಲ್ಲ. ಕೆಲವು ಆಲ್ಬಮ್ಮುಗಳು ತೊಟ್ಟಿಲ ಫೋಟೋದ ಜೊತೆಗೇ ಅಚ್ಚಾಗುವುದುಂಟು. ಫಿಲ್ಮ್ ಸುಲಭದ್ದಾಗಿತ್ತು ಎಂದಲ್ಲ. ಅದರ ಕಷ್ಟ ಮದುವೆಯ ದಿನ ತೀರಿಬಿಡುತ್ತಿತ್ತು.

ದೊಡ್ಡ ಹೆಸರಿನವರು ದಾಟಿದ ದಾರಿಯೂ ಒಂದೇ ರೀತಿಯದಲ್ಲ. ಭಾರತದ ರಘು ರಾಯ್ 2003ರಲ್ಲಿ ಡಿಜಿಟಲ್ ಕೈಗೆತ್ತಿಕೊಂಡವರು ಮತ್ತೆ ಫಿಲ್ಮಿಗೆ ಮರಳಲಿಲ್ಲ. ಬ್ರೆಜಿಲಿನ ಸೆಬಾಸ್ಟಿಯಾವ್ ಸಲ್ಗಾಡೊ ತಮ್ಮ ‘ಜೆನೆಸಿಸ್’ ಯೋಜನೆಯ ನಡುವೆ, 2008ರಲ್ಲಿ, ಬದಲಾದರು. ಕಾರಣ ಚಿತ್ರದ ಗುಣವಲ್ಲ, ವಿಮಾನ ನಿಲ್ದಾಣ. ಒಂದು ಪ್ರಯಾಣದಲ್ಲಿ ಹಲವು ಸಲ ಎಕ್ಸ್-ರೇ ಯಂತ್ರ ದಾಟುವ ಫಿಲ್ಮಿಗೆ ಮಂಜು ಕವಿಯುತ್ತಿತ್ತು. ಡಿಜಿಟಲ್‌ಗೆ ಬಂದ ಮೇಲೂ ಅವರು ಚಿತ್ರ ಆರಿಸುತ್ತಿದ್ದದ್ದು ಕಂಪ್ಯೂಟರಿನಲ್ಲಲ್ಲ. ಎಲ್ಲವನ್ನೂ ಕಾಂಟ್ಯಾಕ್ಟ್ ಶೀಟಿನಂತೆ, ಹಾಳೆಗೆ ಹಲವು ಚಿಕ್ಕ ಚಿತ್ರಗಳಾಗಿ, ಅಚ್ಚು ಹಾಕಿಸಿ, ಭೂತಗನ್ನಡಿ ಹಿಡಿದು. ಆರಿಸಿದ ಫೈಲುಗಳಿಂದ ಮತ್ತೆ ಫಿಲ್ಮ್ ನೆಗೆಟಿವ್ ಮಾಡಿಸಿಡುತ್ತಿದ್ದರು.

ಫಿಲ್ಮನ್ನೇ ಹಿಡಿಯುವೆ ಎಂದು ಹೊರಟವರು ಮೊದಲು ನೋಡಬೇಕಾದದ್ದು ಅದರ ಸರಬರಾಜನ್ನು. 1935ರಿಂದ ಬಂದ ಕೊಡಾಕ್ರೋಮ್ 2009ರಲ್ಲಿ ನಿಂತಿತು. ಅದನ್ನು ತೊಳೆಯುತ್ತಿದ್ದ ಜಗತ್ತಿನ ಕೊನೆಯ ಲ್ಯಾಬು, ಅಮೆರಿಕದ ಕ್ಯಾನ್ಸಸ್ ಪ್ರಾಂತ್ಯದ್ದು, 2010ರ ಡಿಸೆಂಬರಿನಲ್ಲಿ ಕೈ ಚೆಲ್ಲಿತು. ಫ್ರಿಜ್ಜಿನಲ್ಲಿ ಕೂಡಿಟ್ಟ ರೀಲುಗಳಿಗೆ ಆಮೇಲೆ ಗತಿಯೇ ಇಲ್ಲ. ನಮ್ಮ ಪಕ್ಕದ ಊಟಿಯಲ್ಲಿ ‘ಇಂದು’ ಹೆಸರಿನ ಫಿಲ್ಮ್ ತಯಾರಿಸುತ್ತಿದ್ದ ಸರ್ಕಾರಿ ಕಾರ್ಖಾನೆ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕೂಡ ಮುಚ್ಚಿದೆ. ನಿಕಾನ್ ತನ್ನ ಕೊನೆಯ ವೃತ್ತಿಪರ ಫಿಲ್ಮ್ ಕ್ಯಾಮೆರಾ ಎಫ್6 ಅನ್ನು 2020ರಲ್ಲಿ ನಿಲ್ಲಿಸಿತು. ಇನ್ನೊಂದು ಕಡೆ, ನಿಂತುಹೋಗಿದ್ದ ಎಕ್ಟಾಕ್ರೋಮ್ 2018ರಲ್ಲಿ ಮತ್ತೆ ಬಂತು, ಲೈಕಾ ಎಂ6 2022ರಲ್ಲಿ ಮರಳಿತು, 2024ರಲ್ಲಿ ಪೆಂಟ್ಯಾಕ್ಸ್ ಹೊಸ ಫಿಲ್ಮ್ ಕ್ಯಾಮೆರಾವನ್ನೇ ಹೊರತಂದಿತು. ಆದರೆ ತಾಲ್ಲೂಕು ಊರಿನ ಕಲರ್ ಲ್ಯಾಬುಗಳಲ್ಲಿ ಫಿಲ್ಮ್ ತೊಳೆಯುವ ಯಂತ್ರ ಗುಜರಿಗೆ ಹೋಗಿದೆ. ರೀಲನ್ನು ದೊಡ್ಡ ನಗರದ ಕೆಲವೇ ಲ್ಯಾಬುಗಳಿಗೆ ಕೊರಿಯರ್ ಮಾಡಿ ಕಾಯಬೇಕು. ಹೀಗಾಗಿ ವೃತ್ತಿಯಲ್ಲಿ ಫಿಲ್ಮಿಗೆ ಉಳಿದ ಜಾಗ ಕಿರಿದು, ಆದರೆ ಗಟ್ಟಿ: ಗ್ಯಾಲರಿಗೆಂದು ಬೆಳ್ಳಿ ಪ್ರಿಂಟ್ ಮಾಡುವವರು, ನಿಂತು ನೋಡಿ ತೆಗೆಯುವಷ್ಟು ಸಮಯವಿರುವ ಭಾವಚಿತ್ರ, ಫ್ಯಾಷನ್‌ನವರು, ತಮ್ಮ ಮದುವೆಯ ಒಂದೆರಡು ರೀಲು ಬೇಕೇ ಬೇಕೆಂದು ಮುಂಗಡ ಕೊಟ್ಟು ಕೇಳುವ ಜೋಡಿಗಳು. ಆಗಲೂ ಧಾರೆಯ ಹೊತ್ತಿಗೆ ಕತ್ತಿನಲ್ಲಿ ಡಿಜಿಟಲ್ ಕ್ಯಾಮೆರಾ ಇರುವುದು ಕ್ಷೇಮ, ಫಿಲ್ಮು ಅದರ ಜೊತೆಗೆ.

ಕಾಪಿಡುವ ವಿಷಯದಲ್ಲಿ ಮಾತ್ರ ಹಳೆಯದರ ಕೈ ಮೇಲು, ಅದೂ ಕಪ್ಪು ಬಿಳುಪಿನಲ್ಲಿ. ಹೈಪೋ ಪೂರ್ತಿ ಹೋಗುವಂತೆ ತೊಳೆದ ಕಪ್ಪು ಬಿಳುಪು ನೆಗೆಟಿವ್ ತಂಪಾದ ಒಣ ಜಾಗದಲ್ಲಿ ನೂರು ವರ್ಷ ಬಾಳುತ್ತದೆ; ಬೆಳಕಿಗೆ ಹಿಡಿದರೆ ಯಾವ ಯಂತ್ರವೂ ಬೇಡದೆ ಕಾಣುತ್ತದೆ. ಬಣ್ಣದ ನೆಗೆಟಿವ್‌ನ ಡೈ ಮಾಸುತ್ತದೆ, ಅಸಿಟೇಟ್ ಪಟ್ಟಿ ಸೆಕೆ ತೇವಕ್ಕೆ ಹುಳಿ ವಾಸನೆ ಹೊಡೆದು ಸುರುಟುತ್ತದೆ. ಹಾರ್ಡ್ ಡಿಸ್ಕ್ ಯಾವ ವಾಸನೆಯೂ ಇಲ್ಲದೆ ಒಂದು ದಿನ ಕಟಕಟ ಎಂದು ನಿಲ್ಲುತ್ತದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ ಎಂಬುದು ತಿಳಿದವರು ಪಾಲಿಸುವ ನಿಯಮ. ಬಹಳಷ್ಟು ಸ್ಟುಡಿಯೋಗಳಲ್ಲಿ ನಡೆಯುವುದು ಒಂದು ಪ್ರತಿ, ಒಂದು ಡಿಸ್ಕ್, ದೇವರ ಪಟದ ಪಕ್ಕ.

ನೆಗೆಟಿವ್ ಸ್ಟುಡಿಯೋದಲ್ಲೇ ಉಳಿಯುವುದು ಹಿಂದಿನ ರೂಢಿ. ಇನ್ನೊಂದು ಪ್ರಿಂಟ್ ಬೇಕಾದರೆ, ಅಜ್ಜ ತೀರಿಕೊಂಡಾಗ ಗುಂಪಿನಿಂದ ಅವರ ಮುಖವೊಂದನ್ನೇ ದೊಡ್ಡದು ಮಾಡಿಸಬೇಕಾದರೆ ಮನೆಯವರು ಅಲ್ಲಿಗೇ ಬರಬೇಕಿತ್ತು; ಆ ಸಣ್ಣ ಆದಾಯ ವರ್ಷಗಟ್ಟಲೆ ಹರಿಯುತ್ತಿತ್ತು. ಪೆನ್‌ಡ್ರೈವ್ ಅದನ್ನು ನಿಲ್ಲಿಸಿತು. ಕಾನೂನು ಮೊದಲಿನಿಂದಲೂ ಗಿರಾಕಿಯ ಕಡೆಗೇ ಇತ್ತು: 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಸೆಕ್ಷನ್ ಪ್ರಕಾರ, ಒಬ್ಬರ ಕೋರಿಕೆಯ ಮೇಲೆ ಹಣ ಪಡೆದು ತೆಗೆದ ಫೋಟೋದ ಮೊದಲ ಹಕ್ಕುದಾರರು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ. ಆದ್ದರಿಂದ ರೀಲೇ ಇರಲಿ ಕಾರ್ಡೇ ಇರಲಿ, ಮುಂಗಡದ ರಸೀದಿಯ ಹಿಂದೆಯೇ ನೆಗೆಟಿವ್ ಯಾರ ಬಳಿ ಇರುತ್ತದೆ, ರಾ ಫೈಲ್ ಕೊಡುವುದುಂಟೋ ಇಲ್ಲವೋ, ಸ್ಟುಡಿಯೋದಲ್ಲಿ ಎಷ್ಟು ವರ್ಷ ಪ್ರತಿ ಇಟ್ಟಿರುತ್ತಾರೆ, ಆ ಚಿತ್ರಗಳನ್ನು ಸ್ಟುಡಿಯೋದ ಜಾಹೀರಾತಿಗೆ ಬಳಸಬಹುದೇ ಎಂಬ ನಾಲ್ಕು ಸಾಲು ಬರೆದು ಎರಡೂ ಕಡೆಯವರು ಸಹಿ ಹಾಕಿಕೊಳ್ಳುವುದು ಒಳ್ಳೆಯದು.